ಶಾಖೆಗೆ ಹೊಳೆಯ ಹೆಸರಿರಲಿ



ಪರಂಪರೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಯ ಮುಖ ಸಪ್ಪಗಾಗುತ್ತದೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. 2012ರ ಜುಲೈ ತಿಂಗಳಲ್ಲಿ ಯುನೆಸ್ಕೋ ಸಂಸ್ಥೆ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಅವುಗಳಲ್ಲಿ 10 ನಮ್ಮ ರಾಜ್ಯದವೇ, ಅದೂ ತಲಕಾವೇರಿ ಮತ್ತು ಕುದುರೆಮುಖದ ಆಸುಪಾಸಿನವೇ ಆಗಿದ್ದುವು. ಕಾಫಿ, ಅಡಿಕೆ, ಮೆಣಸು ಬೆಳೆಯುವವರ ಬೇಲಿಯ ಪಕ್ಕದ ಕಾಡುಗಳೇ ಅವು. ಅದರ ಹಿಂದೆ ಮುಂದೆಯೇ ಗಾಡ್ಗೀಳ್ ವರದಿ, ಕಸ್ತೂರಿರಂಗನ್ ವರದಿಗಳು ಬಂದುವು. 2024ರ ಜುಲೈ 31ರ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿ.ಮೀ. ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಕಾಣಿಸಲಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ಒಪ್ಪುವುದಿಲ್ಲವೆಂದು ತೀರ್ಮಾನಿಸಿತು. ಈ ಹಗ್ಗಜಗ್ಗಾಟದ ನಡುವೆ ಎರಡು ಮೂರು ಎಕರೆಯ ಹಿಡುವಳಿದಾರನಿಗೆ ತಿಳಿದದ್ದು ಇಷ್ಟೇ: ಯಾರೋ ಎಲ್ಲಿಯೋ ಕುಳಿತು ನಕ್ಷೆಯ ಮೇಲೆ ಗೆರೆ ಎಳೆಯುತ್ತಾರೆ, ತನ್ನ ತೋಟ ಆ ಗೆರೆಯ ಒಳಗೋ ಹೊರಗೋ ಎಂಬುದನ್ನು ಪತ್ರಿಕೆಯಲ್ಲಿ ಓದಿ ತಿಳಿಯಬೇಕು.

ಆದರೆ ಪರಂಪರೆಯ ಕೆಲಸ ಮಾಡುವ ಇನ್ನೊಂದು ಬಗೆಯ ವ್ಯವಸ್ಥೆಯೂ ಉಂಟು. ಅದು ಸರಕಾರದ್ದಲ್ಲ, ಊರಿನವರದು. 1984ರಲ್ಲಿ ದೆಹಲಿಯಲ್ಲಿ ಸಂಘಗಳ ಕಾಯಿದೆಯ ಪ್ರಕಾರ ನೋಂದಣಿಯಾದ ಇಂಟ್ಯಾಕ್ ಎಂಬ ಸಂಸ್ಥೆ ಊರೂರುಗಳಲ್ಲಿ ಶಾಖೆಗಳನ್ನು ತೆರೆದು ನಡೆಸಿಕೊಂಡು ಬರುತ್ತಿದೆ. ಶಾಖೆಗೆ ಒಬ್ಬ ಸಂಚಾಲಕ, ಒಂದಿಷ್ಟು ಸದಸ್ಯರು. ಹಳೆಯ ಕಟ್ಟಡ, ಕೆರೆ, ದೇವಸ್ಥಾನ, ಕಸಬು, ಕಾಡು ಇವುಗಳ ಪಟ್ಟಿ ಮಾಡುವುದು, ಕೆಡವಲು ಹೊರಟಾಗ ಕೂಗು ಹಾಕುವುದು, ಸಾಧ್ಯವಿದ್ದರೆ ದುರಸ್ತಿ ಮಾಡಿಸುವುದು ಅದರ ಕೆಲಸ. ನಮ್ಮ ಸಹಕಾರಿ ಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಷೇರು ಇಲ್ಲ, ಡಿವಿಡೆಂಡೂ ಇಲ್ಲ. ಭೂಮಿಯ ಮೇಲೆ ಅದಕ್ಕೆ ಯಾವ ಅಧಿಕಾರವೂ ಇಲ್ಲ. ಅಂತೆಯೇ ಅದರಿಂದ ಯಾರ ಪಹಣಿಗೂ ಅಪಾಯವಿಲ್ಲ.

ಬೆಳಗಾವಿ ಮತ್ತು ಖಾನಾಪುರದ ಸೀಮೆಗೆ ಇಂಥ ಒಂದು ಶಾಖೆ ಖಾನಾಪುರದಲ್ಲಿಯೇ ನೆಲೆಸಿ ಕೆಲಸ ಮಾಡಬೇಕು, ಅದಕ್ಕೆ ಅರಸರ ಹೆಸರನ್ನಾಗಲಿ ಪಟ್ಟಣದ ಹೆಸರನ್ನಾಗಲಿ ಇಡದೆ ಅಲ್ಲಿಯೇ ಹುಟ್ಟುವ ಹೊಳೆಯ ಹೆಸರಿಡಬೇಕು ಎಂಬುದು ಈ ಲೇಖನದ ವಾದ. ಹೆಸರಿನಲ್ಲೇನಿದೆ ಎಂದು ಕೇಳುವವರುಂಟು. ಸಂಘಕ್ಕೆ ಯಾವ ಹೆಸರು ಇಡುತ್ತೇವೆಯೋ ಆ ಕಡೆಗೇ ಅದರ ಕಾಲು ಎಳೆಯುತ್ತದೆ. ಕೋಟೆಯ ಹೆಸರಿಟ್ಟರೆ ಸಭೆಯಲ್ಲಿ ಕೋಟೆಯದೇ ಮಾತು. ಪಟ್ಟಣದ ಹೆಸರಿಟ್ಟರೆ ಸಭೆ ಪಟ್ಟಣದಲ್ಲೇ ನಡೆದು, ನಿವೃತ್ತ ಅಧಿಕಾರಿಗಳು ಚಹಾ ಕುಡಿದು ಚದುರುವ ಕೂಟವಾಗುತ್ತದೆ.

ಬೆಟ್ಟದ ಹೆಸರಿನಲ್ಲಿ ಸಂಘ ಕಟ್ಟುವುದು ಹೊಸತೇನಲ್ಲ. ಕಾಫಿ ಬೆಳೆಯುವ ಪಳನಿ ಬೆಟ್ಟಗಳಲ್ಲಿ 1985ರಲ್ಲಿಯೇ ಆ ಬೆಟ್ಟಗಳ ಹೆಸರಿನ ಸಂರಕ್ಷಣಾ ಪರಿಷತ್ತು ಹುಟ್ಟಿತು. ನೀಲಗಿರಿ ಎಂದರೆ ಜಿಲ್ಲೆಯೂ ಹೌದು, ಗಿರಿಯೂ ಹೌದು. 1987ರ ನವೆಂಬರಿನಿಂದ 1988ರ ಫೆಬ್ರವರಿಯವರೆಗೆ ನಡೆದ ಪಶ್ಚಿಮ ಘಟ್ಟ ಉಳಿಸಿ ಪಾದಯಾತ್ರೆಯನ್ನು ಹಿರಿಯ ಸದಸ್ಯರು ಮರೆತಿರಲಾರರು. ಉತ್ತರದಿಂದ ಒಂದು ತಂಡ, ಕನ್ಯಾಕುಮಾರಿಯಿಂದ ಇನ್ನೊಂದು ತಂಡ ನಡೆದುಬಂದು ಗೋವೆಯ ಪೋಂಡಾದ ಬಳಿ ಕೂಡಿದುವು. ಬೆಳಗಾವಿಯವರಿಗಂತೂ ಇದು ಮೊದಲಿನಿಂದ ಬಂದ ರೂಢಿ. ಬೆಳಗಾವಿಯ ಹಳೆಯ ಹೆಸರು ವೇಣುಗ್ರಾಮ, ಅಂದರೆ ಬಿದಿರ ಊರು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ನೆರೆದವರ ನೀರಿಗಾಗಿ ಟಿಳಕವಾಡಿಯಲ್ಲಿ ತೋಡಿದ ಬಾವಿಗೆ ಪಂಪಾ ಸರೋವರವೆಂದು ಹೆಸರಿಟ್ಟರು. ಅಧಿವೇಶನದ ಚಪ್ಪರ ಹೋಯಿತು, ಭಾಷಣಗಳು ಪುಸ್ತಕ ಸೇರಿದುವು, ಬಾವಿ ಮಾತ್ರ ಇಂದಿಗೂ ಅಲ್ಲಿಯೇ ಇದೆ.

ಖಾನಾಪುರ ತಾಲೂಕನ್ನು ನೋಡದವರಿಗಾಗಿ ಎರಡು ಮಾತು. ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 26 ಕಿ.ಮೀ. ದೂರದಲ್ಲಿ ತಾಲೂಕಿನ ಪಟ್ಟಣ. ಪೂರ್ವಕ್ಕೆ ಬಯಲು, ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿ, ಹೆಮ್ಮಡಗಾ ಕಡೆಯ ದಟ್ಟ ಕಾಡು. ಭತ್ತ, ಕಬ್ಬು, ಗೇರು ಮುಖ್ಯ ಬೆಳೆಗಳು. ಮಳೆಯನ್ನು ಇನ್ನೂ ಇಂಚಿನಲ್ಲಿಯೇ ಲೆಕ್ಕ ಹಾಕುವ ನಮ್ಮ ತೋಟಗಾರರಿಗೆ ಒಂದು ಅಂಕಿ ಹೇಳಿದರೆ ಸಾಕು: ಈ ತಾಲೂಕಿನ ಆಮಗಾಂವ್ ಎಂಬ ಹಳ್ಳಿಯಲ್ಲಿ 2010ರಲ್ಲಿ ಬಿದ್ದ ಮಳೆ 10,000 ಮಿಲಿಮೀಟರನ್ನು ದಾಟಿತ್ತು. ಅಂದರೆ ಹೆಚ್ಚು ಕಡಿಮೆ 395 ಇಂಚು. ಅಲ್ಲಿ ಅಡಿಕೆ ಇಟ್ಟು ಕೊಳೆರೋಗಕ್ಕೆ ಬೋರ್ಡೋ ಹೊಡೆಯುವವನ ಪಾಡನ್ನು ನೀವೇ ಊಹಿಸಿಕೊಳ್ಳಿ!

ಈ ತಾಲೂಕಿನಲ್ಲಿ ಪರಂಪರೆಗೆ ಬರವೆಂಬುದೇ ಇಲ್ಲ. ಹಲಸಿ ಎಂಬ ಊರು ಕದಂಬರ ಕಾಲದ ಪಲಾಶಿಕಾ. ಮೃಗೇಶವರ್ಮನು ಅಲ್ಲಿ ಜಿನಾಲಯ ಕಟ್ಟಿಸಿದ ಸಂಗತಿ ತಾಮ್ರಶಾಸನದಲ್ಲಿ ದಾಖಲಾಗಿದೆ. ಗೋವೆಯ ಕದಂಬರ ಕಾಲದ ಭೂವರಾಹ ನರಸಿಂಹ ದೇವಾಲಯ ಅಲ್ಲಿಯೇ ಇದೆ. ಪಲಾಶಿಕಾ ಎಂಬುದೂ ಮರದ ಹೆಸರೇ, ಪಲಾಶ ಎಂದರೆ ಮುತ್ತುಗ. ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅಲ್ಲಿ ಜನ ಇಂದಿಗೂ ಕೈಮುಗಿಯುವುದು ಕಲ್ಲಿನ ಕಟ್ಟಡಕ್ಕಿಂತ ಹೆಚ್ಚಾಗಿ ಆಲದ ಮರಕ್ಕೆ. ಆತನ ಸಮಾಧಿಯ ಮೇಲಿನ ಆಲವನ್ನು ಒಡನಾಡಿಯೇ ನೆಟ್ಟನೆಂದು ಹೇಳುತ್ತಾರೆ. ಖಾನಾಪುರದ ಜೇಡಿಮಣ್ಣು ಮತ್ತು ಕುಂಬಾರಿಕೆ ಬೇರೆ ಊರುಗಳಲ್ಲೂ ಹೆಸರಾದದ್ದು. ಭೀಮಗಡದಲ್ಲಿ ಶಿವಾಜಿ ಮಹಾರಾಜರ ಕಾಲದ ಕೋಟೆ, ಗೋವೆಯ ಪೋರ್ಚುಗೀಸರ ಮೇಲೆ ಕಣ್ಣಿಡುವುದಕ್ಕಾಗಿ. ಇತ್ತ ಬೆಳಗಾವಿಯ ಕೋಟೆಯೊಳಗೆ ರಟ್ಟರ ಕಾಲದ ಕಮಲ ಬಸದಿ, 1204ರದು.

ಇಷ್ಟೆಲ್ಲ ಇರುವಾಗ ಹೆಸರಿಗೇನು ಕೊರತೆ ಎನ್ನಬಹುದು. ತೊಡಕು ಇರುವುದೇ ಅಲ್ಲಿ. ಈ ಸೀಮೆಯಲ್ಲಿ ಕನ್ನಡ ಆಡುವವರೂ ಮರಾಠಿ ಆಡುವವರೂ ಒಂದೇ ಓಣಿಯಲ್ಲಿ ಬಾಳುತ್ತಾರೆ. 1956ರ ರಾಜ್ಯ ಪುನರ್ವಿಂಗಡಣೆಯಿಂದ ಎದ್ದ ಗಡಿಯ ತಂಟೆ 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಇಲ್ಲಿ ಕದಂಬರ ಹೆಸರಿಟ್ಟರೆ ಒಬ್ಬರು ಬರುವುದಿಲ್ಲ, ಕೋಟೆಯ ಹೆಸರಿಟ್ಟರೆ ಇನ್ನೊಬ್ಬರು ಬರುವುದಿಲ್ಲ. ಹಲಸಿಯ ಗುಡಿಯ ಮಾಳಿಗೆ ಸೋರುವಾಗ ಅದು ಯಾವ ಭಾಷೆಯವರ ಮೇಲೂ ಬೇರೆ ಬೇರೆಯಾಗಿ ಸೋರುವುದಿಲ್ಲವಾದರೂ, ಸಂಘದ ಫಲಕದ ಮೇಲೆ ಯಾರ ಹೆಸರೆಂಬುದು ಸದಸ್ಯತ್ವದ ಪುಸ್ತಕವನ್ನು ಅರ್ಧ ಖಾಲಿ ಮಾಡಬಲ್ಲುದು. ಭೀಮಗಡವೂ ನಿಸರ್ಗದ ಹೆಸರೇ ತಾನೇ ಎಂದು ವಾದಿಸುವವರಿರಬಹುದು. ಬೆಟ್ಟ ನಿಸರ್ಗದ್ದು, ನಿಜ; ಗಡ ಅರಸರದು. ಮೇಲಾಗಿ 2011ರ ಡಿಸೆಂಬರಿನಲ್ಲಿ ಸುಮಾರು 190 ಚದರ ಕಿ.ಮೀ. ಕಾಡನ್ನು ಭೀಮಗಡ ವನ್ಯಜೀವಿ ಧಾಮವೆಂದು ಘೋಷಿಸಿದ ಮೇಲೆ ಒಳಗಿನ ಹಳ್ಳಿಗಳವರಿಗೆ ಆ ಹೆಸರು ಕೇಳಿದರೆ ಮೊದಲು ನೆನಪಾಗುವುದು ಅರಣ್ಯ ಇಲಾಖೆಯ ಗೇಟು. ಆ ಹಳ್ಳಿಗಳಲ್ಲಿ ಸ್ವಇಚ್ಛೆಯಿಂದ ಹೊರಬರುವ ಕುಟುಂಬಗಳಿಗೆ ಪರಿಹಾರ ಕೊಟ್ಟು ಸ್ಥಳಾಂತರಿಸುವ ಕೆಲಸ ಈಚೆಗೆ ಆರಂಭವಾಗಿದೆ. ಹೊರಟವರ ಮನೆ, ಗುಡಿ, ಗದ್ದೆಯ ಹೆಸರುಗಳನ್ನು ಬರೆದಿಡುವವರು ಯಾರು? ಶಾಖೆಯೊಂದು ಇದ್ದಿದ್ದರೆ ಅದೇ ಅದರ ಮೊದಲ ಕೆಲಸವಾಗುತ್ತಿತ್ತು ಎಂದು ನನಗನ್ನಿಸುತ್ತದೆ.

ಇನ್ನೊಂದು ಹೆಸರು ಮನಸ್ಸಿಗೆ ಬರುತ್ತದೆ, ಬಾರಾಪೇಡೆ ಗುಹೆಗಳದು. ತಳೇವಾಡಿಯ ಸಮೀಪದ ಈ ಸುಣ್ಣಕಲ್ಲಿನ ಗುಹೆಗಳಲ್ಲಿ, ಬೊಂಬಾಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿ 1911ರಲ್ಲಿ ಆರಂಭಿಸಿದ ಸಸ್ತನಿ ಸಮೀಕ್ಷೆಯ ಕಾಲಕ್ಕೆ, ಒಂದು ಹೊಸ ಬಗೆಯ ಬಾವಲಿ ಸಿಕ್ಕಿತು. 1913ರಲ್ಲಿ ಅದಕ್ಕೆ ರಾಟನ್ ಎಂಬ ಅರಣ್ಯಾಧಿಕಾರಿಯ ಹೆಸರಿಟ್ಟರು. ಬಹುಕಾಲದ ತನಕ ಜಗತ್ತಿನಲ್ಲಿ ಆ ಬಾವಲಿ ಇದ್ದದ್ದು ಗೊತ್ತಿದ್ದುದು ಇದೊಂದೇ ಜಾಗದಲ್ಲಿ. ತರುವಾಯ ಮೇಘಾಲಯದಲ್ಲಿಯೂ ದೂರದ ಕಾಂಬೋಡಿಯದಲ್ಲಿಯೂ ಕಂಡುಬಂದಿದೆ. ನಮ್ಮ ತೋಟಗಳಲ್ಲಿ ಬಾವಲಿ ಎಂದರೆ ಹಣ್ಣಡಿಕೆಯ ಸಿಪ್ಪೆ ಚೀಪಿ ಬೀಜ ಉದುರಿಸುವ ಪ್ರಾಣಿ, ಬೆಳಗ್ಗೆ ಬೇಗ ಎದ್ದು ಹೋಗಿ ಆರಿಸಬೇಕು. ಬಾರಾಪೇಡೆಯದು ಆ ಜಾತಿಯಲ್ಲ, ಅದು ಹುಳು ತಿನ್ನುವಂಥದು. ನಮಗೆ ಖರ್ಚಿಲ್ಲದೆ ರಾತ್ರಿ ಪಾಳಿ ಮಾಡುವ ಆಳು ಎನ್ನಿ.

ಗುಹೆಯ ಹೆಸರು ಚೆಂದವೇ, ಯಾರ ಅಜ್ಜನೂ ಅದಕ್ಕಾಗಿ ಜಗಳವಾಡಿಲ್ಲ. ಆದರೂ ಬೇಡವೆನ್ನುತ್ತೇನೆ. ಫಲಕದ ಮೇಲೆ ಹೆಸರು ಏರಿದ ದಿನದಿಂದ ರಜೆಯ ದಿನ ಜೀಪುಗಳು ಅಲ್ಲಿಗೆ ಏರುತ್ತವೆ. ನಮ್ಮ ಮಲೆನಾಡಿನ ಅಬ್ಬಿಗಳ ಗತಿ ಏನಾಗಿದೆ ಎಂಬುದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಬಾಟಲಿಯ ಚೂರು, ಪ್ಲಾಸ್ಟಿಕ್ಕು, ಮಳೆಗಾಲದಲ್ಲಿ ಜಾರಿ ಬಿದ್ದವನನ್ನು ಹುಡುಕಲು ಊರ ಹುಡುಗರ ಓಡಾಟ. ಕತ್ತಲೆಯಲ್ಲಿ ಬದುಕುವ ಪ್ರಾಣಿಯನ್ನು ಕತ್ತಲೆಯಲ್ಲಿಯೇ ಬಿಡುವುದು ಲೇಸು. ಮಹದಾಯಿ ಹೊಳೆಯ ವಜ್ರಪೋಹ ಜಲಪಾತದ ಹೆಸರನ್ನೂ ಈ ಕಾರಣಕ್ಕಾಗಿಯೇ ಕೈಬಿಡಬೇಕು.

ಹೀಗೆ ಒಂದೊಂದನ್ನೂ ತೂಗಿ ನೋಡಿದಾಗ ಉಳಿಯುವುದು ಮಲಪ್ರಭೆ. ಕಣಕುಂಬಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರದಲ್ಲಿ ಇದು ಹುಟ್ಟುತ್ತದೆ. ಬೆಳಗಾವಿಯಿಂದ ಚೋರ್ಲಾ ಘಾಟಿನ ಮೂಲಕ ಗೋವೆಗೆ ಹೋಗುವ ರಸ್ತೆಯ ಬದಿಯ ಊರದು. ಎಲ್ಲಾ ನದೀಮೂಲಗಳಂತೆ ಇಲ್ಲಿಯೂ ಒರತೆ, ಗುಡಿ, ಕಾಡು ಮೂರೂ ಒಟ್ಟಿಗೆ. ಅಲ್ಲಿಂದ ಅಸೋಗದ ರಾಮಲಿಂಗೇಶ್ವರನ ಪಾದ ತೊಳೆದು ಖಾನಾಪುರ ಪಟ್ಟಣವನ್ನು ದಾಟಿ ಪೂರ್ವಕ್ಕೆ ತಿರುಗುತ್ತದೆ. ಸವದತ್ತಿಯ ಎಲ್ಲಮ್ಮ ಮರಳಿನ ಕೊಡದಲ್ಲಿ ನೀರು ಹೊತ್ತದ್ದು ಇದೇ ಹೊಳೆಯಿಂದ ಎಂಬುದು ಜನರ ನಂಬಿಕೆ. ಅದರ ಹತ್ತಿರವೇ ನವಿಲುತೀರ್ಥದ ಅಣೆಕಟ್ಟು, 37.73 ಟಿ.ಎಂ.ಸಿ. ನೀರು ಹಿಡಿಯುವಂಥದು, ಹುಬ್ಬಳ್ಳಿ ಧಾರವಾಡದವರು ಕುಡಿಯುವ ನೀರಿಗೂ ಮಲಪ್ರಭೆಯೇ ಆಧಾರ. 1980ರ ಜುಲೈಯಲ್ಲಿ ನರಗುಂದ ನವಲಗುಂದಗಳಲ್ಲಿ ರೈತರು ಬಂಡೆದ್ದದ್ದು ಇದೇ ಹೊಳೆಯ ಕಾಲುವೆಯ ಪ್ರದೇಶದಲ್ಲಿ, ಅಭಿವೃದ್ಧಿ ಕರ ಹೇರಿದ್ದಕ್ಕಾಗಿ. ನಾಡಿನ ರೈತ ಚಳವಳಿ ಬಲಗೊಂಡದ್ದು ಅಲ್ಲಿಂದ ಮುಂದೆ. ಮುಂದಕ್ಕೆ ಹೋದರೆ ಪಟ್ಟದಕಲ್ಲು, ಐಹೊಳೆ. ಕೊನೆಗೆ ಸುಮಾರು 300 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ.

ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದಕ್ಕೆ ಬೇಲಿ ಇದೆ, ಕಾವಲುಗಾರ ಇದ್ದಾನೆ, ಟಿಕೇಟು ಇದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದು ಆ ಗುಡಿಗಳ ಅಂಗಳಕ್ಕೆ ನುಗ್ಗಿದಾಗ ಬೇಲಿ ಏನು ಮಾಡಿತು? ಆ ನೀರು ಬಿದ್ದದ್ದು ಖಾನಾಪುರದ ಕಾಡಿನ ಮೇಲೆ. ಮಳೆಯನ್ನು ತಡೆಯುವುದು ಯಾರ ಕೈಯಲ್ಲಿಯೂ ಇಲ್ಲ, ಅಷ್ಟು ಮಳೆ ಬಂದಾಗ ಯಾವ ಕಾಡೂ ಪೂರ್ತಿ ಹಿಡಿದಿಡಲಾರದು ಎಂಬುದೂ ಸತ್ಯವೇ. ಆದರೆ ಮೇಲಿನ ಮಣ್ಣು ಬೋಳಾದಷ್ಟೂ ಕೆಳಗಿನ ಹೊಳೆ ಕೆಂಪಾಗುತ್ತದೆ, ಹೂಳು ತುಂಬಿದಷ್ಟೂ ಅಣೆಕಟ್ಟಿನ ಹೊಟ್ಟೆ ಸಣ್ಣದಾಗುತ್ತದೆ. ಇಳಿಜಾರಿನ ತೋಟದಲ್ಲಿ ಕಪ್ಪು ತೆಗೆದು, ಸೊಪ್ಪು ಹೊದಿಸಿ ಮಣ್ಣು ಹಿಡಿಯುವ ನಮ್ಮವರಿಗೆ ಇದನ್ನು ಪಾಠ ಹೇಳುವ ಅಗತ್ಯವಿಲ್ಲ. ಪುರಾತತ್ತ್ವ ಇಲಾಖೆಯವರಿಗೆ ಕಲ್ಲು ಗೊತ್ತು, ಅರಣ್ಯ ಇಲಾಖೆಯವರಿಗೆ ಮರ ಗೊತ್ತು, ನೀರಾವರಿಯವರಿಗೆ ಟಿ.ಎಂ.ಸಿ. ಗೊತ್ತು. ಕಣಕುಂಬಿಯ ಒರತೆಯನ್ನೂ ಪಟ್ಟದಕಲ್ಲಿನ ಗುಡಿಯನ್ನೂ ಒಂದೇ ಪುಸ್ತಕದಲ್ಲಿ ಬರೆಯುವವರು ಯಾರೂ ಇಲ್ಲ. ಹೊಳೆಯ ಹೆಸರಿನ ಶಾಖೆಯೊಂದು ಆ ಪುಸ್ತಕವನ್ನು ತೆರೆಯಬಲ್ಲದು.

ಇದಕ್ಕೆ ಬರುವ ಬಲವಾದ ಆಕ್ಷೇಪಣೆಯನ್ನು ಮುಚ್ಚಿಡಬಾರದು. ಮಲಪ್ರಭೆ ಎಂದೊಡನೆ ಕಳಸಾ ಬಂಡೂರಿ ನೆನಪಿಗೆ ಬರುತ್ತದೆ. ಕಣಕುಂಬಿಯ ಸುತ್ತ ಬಿದ್ದ ಮಳೆಯಲ್ಲಿ ಒಂದು ಪಾಲು ಮಲಪ್ರಭೆಯಾಗಿ ಬಂಗಾಳ ಕೊಲ್ಲಿಯ ದಾರಿ ಹಿಡಿದರೆ, ಇನ್ನೊಂದು ಪಾಲು ಕಳಸಾ ಹಳ್ಳದಿಂದ ಮಹದಾಯಿ ಸೇರಿ ಗೋವೆಯ ಮೂಲಕ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಆ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸುವ ಯೋಜನೆಯ ವ್ಯಾಜ್ಯ ಕೇಳಿದ ನ್ಯಾಯಮಂಡಳಿ 2010ರಲ್ಲಿ ರಚನೆಯಾಗಿ, 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ ಒಟ್ಟು 13.42 ಟಿ.ಎಂ.ಸಿ. ಕೊಟ್ಟಿತು. ಅದರಲ್ಲಿ ಕಳಸಾ ಬಂಡೂರಿಯ ಪಾಲು 3.9. ಬಯಲಿನ ರೈತನಿಗೆ ಅದು ಕುಡಿಯುವ ನೀರಿನ ಪ್ರಶ್ನೆ, ಗೋವೆಯವರಿಗೆ ತಮ್ಮ ಹೊಳೆಯ ಪ್ರಶ್ನೆ, ಕಣಕುಂಬಿಯವನಿಗೆ ತನ್ನ ಮನೆಯ ಹಿಂದಿನ ಗುಡ್ಡ ಅಗೆಯುವ ಪ್ರಶ್ನೆ. ಈ ಜೇನುಗೂಡಿಗೆ ಶಾಖೆ ಕೈ ಹಾಕಬೇಕೆ?

ನೀರಿನ ಹಂಚಿಕೆಯಲ್ಲಿ ಶಾಖೆ ಪಕ್ಷ ವಹಿಸತಕ್ಕದ್ದಲ್ಲ ಎಂದು ಉಪನಿಯಮದಲ್ಲಿಯೇ ಬರೆದುಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಟಿ.ಎಂ.ಸಿ.ಯನ್ನು ನ್ಯಾಯಮಂಡಳಿ ನೋಡಿಕೊಳ್ಳಲಿ. ಒರತೆಗಳು ಎಷ್ಟು, ಅವುಗಳಲ್ಲಿ ಬೇಸಿಗೆಯಲ್ಲಿ ಬತ್ತುವವು ಯಾವುವು, ಕಾಲುವೆ ತೋಡಿದ ಮೇಲೆ ಯಾವುದು ನಿಂತಿತು ಎಂಬ ಲೆಕ್ಕವನ್ನು ಶಾಖೆ ಇಡಲಿ. ಇದು ಸುಲಭವಲ್ಲ. ಲೆಕ್ಕ ಇಟ್ಟವನನ್ನು ಎರಡೂ ಕಡೆಯವರು ಬೈಯುವ ಸಂಭವವೇ ಹೆಚ್ಚು. ಸಹಕಾರಿ ಸಂಘದ ಕಾರ್ಯದರ್ಶಿಯಾಗಿ ದುಡಿದವರಿಗೆ ಅದರ ರುಚಿ ಗೊತ್ತು.

ಇದು ಬೆಳಗಾವಿಯವರ ಮಾತಾಯಿತು, ನಮಗೇನು ಎನ್ನುವಿರಾ? ಈ ಪತ್ರಿಕೆಯನ್ನು ಓದುವವರಲ್ಲಿ ಹೆಚ್ಚಿನವರು ಹೊಳೆಯ ತಲೆಯಲ್ಲಿ ಕುಳಿತವರು. ಕಾವೇರಿ, ಹೇಮಾವತಿ, ತುಂಗೆ, ಭದ್ರೆ, ನೇತ್ರಾವತಿ, ಶರಾವತಿ, ಅಘನಾಶಿನಿ ಎಲ್ಲವೂ ಕಾಫಿ ಅಡಿಕೆಯ ನಾಡಿನಲ್ಲಿಯೇ ಹುಟ್ಟುವುವು. ಕೊಡಗಿನಲ್ಲಿ 1,200ಕ್ಕೂ ಮೀರಿ ದೇವರಕಾಡುಗಳಿವೆ, ಉತ್ತರ ಕನ್ನಡ ಶಿವಮೊಗ್ಗೆಗಳಲ್ಲಿ ಸೊಪ್ಪಿನ ಬೆಟ್ಟಗಳಿವೆ. ಇವುಗಳನ್ನು ಕಾಪಾಡಿಕೊಂಡು ಬಂದವರು ಬೆಳೆಗಾರರೇ ಹೊರತು ಯಾವ ಸಮಿತಿಯೂ ಅಲ್ಲ. ಆದರೂ ನಕ್ಷೆ ಬರೆಯುವ ದಿನ ಬಂದಾಗ ನಮ್ಮ ಕೈಯಲ್ಲಿ ಕಾಗದವಿರಲಿಲ್ಲ. ನಮ್ಮ ಊರಿನ ದೇವರಕಾಡು ಇಷ್ಟು ಎಕರೆ, ಇಷ್ಟು ಬಗೆಯ ಮರ, ಇಷ್ಟು ಒರತೆ, ತೋಟ ಇಂಥ ಕಾಲದಿಂದ ಇದೆ ಎಂದು ನಾವೇ ಬರೆದು ಇಟ್ಟಿದ್ದರೆ, ಉಪಗ್ರಹದ ಚಿತ್ರದಲ್ಲಿ ಹಸಿರು ಕಂಡಲ್ಲೆಲ್ಲ ಕಾಡೆಂದು ಬಣ್ಣ ಬಳಿಯುವುದು ಅಷ್ಟು ಸಲೀಸಾಗುತ್ತಿರಲಿಲ್ಲ. ನೆರಳಿನ ಕಾಫಿ ತೋಟ ಆಕಾಶದಿಂದ ಕಾಡಿನಂತೆಯೇ ಕಾಣುತ್ತದೆ. ಅದು ನಮ್ಮ ಹೆಗ್ಗಳಿಕೆಯೂ ಹೌದು, ಪೇಚಾಟವೂ ಹೌದು. ಖಾನಾಪುರದಲ್ಲಿ ಹೊಳೆಯ ಹೆಸರಿನ ಶಾಖೆ ನಡೆದುಬಂದರೆ ಅದನ್ನು ನೋಡಿ ನಾವೂ ಹೇಮಾವತಿಯದೋ ಭದ್ರೆಯದೋ ಒಂದನ್ನು ತೆರೆಯಬಹುದು.

ಇನ್ನು ಕಾರ್ಯಕ್ರಮದ ಮಾತು. ಸಭೆ ಖಾನಾಪುರದಲ್ಲಿ, ಸಾಧ್ಯವಾದಾಗಲೆಲ್ಲ ಜಾಂಬೋಟಿಯಲ್ಲಿ ನಡೆಯಬೇಕು. ಬೆಳಗಾವಿಯವರು ಬಸ್ಸು ಹತ್ತಿ ಬರಲಿ. ಸಂಚಾಲಕರಲ್ಲಿ ಒಬ್ಬರು ಸಾಗುವಳಿ ಮಾಡುವವರಾಗಿರಬೇಕು. ಚಂದಾ ಒಂದು ದಿನದ ಆಳಿನ ಕೂಲಿಗಿಂತ ಹೆಚ್ಚಿರಬಾರದು. ನಡಾವಳಿಯನ್ನು ಕನ್ನಡದಲ್ಲಿ ಬರೆದು ಮರಾಠಿಯಲ್ಲಿಯೂ ಓದಿ ಹೇಳಬೇಕು. ಮೊದಲ ವರ್ಷ ಯಾವ ಗುಡಿಯ ದುರಸ್ತಿಗೂ ಕೈ ಹಾಕುವುದು ಬೇಡ, ಹಣದ ಮಾತು ಬಂದರೆ ಜಗಳವೂ ಹಿಂದೆಯೇ ಬರುತ್ತದೆ. ಮೃಗಶಿರೆ ಮಳೆ ಹಿಡಿಯುವ ಮೊದಲು, ಒರತೆಗಳು ತೀರ ಸಣ್ಣಗಿರುವ ಕಾಲದಲ್ಲಿ, ಕಣಕುಂಬಿಯಿಂದ ಅಸೋಗದವರೆಗೆ ಹೊಳೆಯ ಎರಡೂ ದಡದಲ್ಲಿ ನಡೆದು ಪ್ರತಿಯೊಂದು ಒರತೆ, ಕಟ್ಟೆ, ವೀರಗಲ್ಲು, ಹಳೆಯ ಮರವನ್ನು ಊರಿನ ಹಿರಿಯರ ಬಾಯಿಂದ ಹೆಸರು ಕೇಳಿ ಪುಸ್ತಕಕ್ಕೆ ಏರಿಸಲಿ. ಶಾಲೆಯ ಮಕ್ಕಳನ್ನು ಜತೆಗೆ ಕರೆದುಕೊಂಡರೆ ಬರೆಯುವ ಕೆಲಸ ಅರ್ಧ ಹಗುರ. ಶಾಖೆಯ ಫಲಕವನ್ನು ತಗಡಿನಲ್ಲಿ ಬರೆಸುವ ಬದಲು ಖಾನಾಪುರದ ಕುಂಬಾರರ ಕೈಯಲ್ಲಿ ಅಲ್ಲಿಯ ಮಣ್ಣಿನಲ್ಲಿಯೇ ಮಾಡಿಸಿ ಸುಡಿಸಿದರೆ, ಅಷ್ಟು ಮಳೆಯಲ್ಲಿಯೂ ಅದಕ್ಕೆ ತುಕ್ಕು ಹಿಡಿಯುವ ಭಯವಿಲ್ಲ.